ಅಕ್ಷರ ಮೊದಲು, ರಚನೆ ಆಮೇಲೆ: ನುಡಿ ಕಡತಗಳ ಪರಿವರ್ತನೆಯಲ್ಲಿ ಪ್ಯಾಂಡಾಕ್ ಬಳಕೆ

ಟಿಪ್ಪಣಿಯ ಉದ್ದೇಶ

ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಬೆರಳಚ್ಚಾದ ವರ್ಡ್ ಕಡತಗಳು ಕನ್ನಡ ಸಂಶೋಧಕರ ಮನೆಗಳಲ್ಲಿ, ಅಧ್ಯಯನ ವಿಭಾಗಗಳಲ್ಲಿ, ಪ್ರಕಾಶಕರ ಹಳೆಯ ಹಾರ್ಡ್ ಡಿಸ್ಕುಗಳಲ್ಲಿ ಇನ್ನೂ ಉಳಿದಿವೆ. ಪಿಎಚ್.ಡಿ. ಪ್ರಬಂಧಗಳು, ಕ್ಷೇತ್ರಕಾರ್ಯದ ಟಿಪ್ಪಣಿಗಳು, ಅಭಿನಂದನ ಗ್ರಂಥಗಳ ಲೇಖನಗಳು, ಸ್ಥಳನಾಮಗಳ ಪಟ್ಟಿಗಳು ಎಲ್ಲವೂ ಈ ರಾಶಿಯಲ್ಲಿವೆ. ಇವನ್ನು ವೆಬ್ ಪುಟಕ್ಕೆ, ಇ-ಪುಸ್ತಕಕ್ಕೆ, ವಿಕಿಸೋರ್ಸಿಗೆ ತರಬೇಕೆಂದು ಹೊರಟವರು ಒಂದಲ್ಲ ಒಂದು ದಿನ ಪ್ಯಾಂಡಾಕ್ ಎಂಬ ಉಪಕರಣದ ಬಾಗಿಲಿಗೆ ಬರುತ್ತಾರೆ. ಇದು ಗುಂಡಿ ಒತ್ತಿ ನಡೆಸುವ ತಂತ್ರಾಂಶವಲ್ಲ. ಟರ್ಮಿನಲ್ ಕಿಟಕಿಯಲ್ಲಿ ಒಂದು ಸಾಲಿನ ಆಜ್ಞೆ ಬರೆದು ನಡೆಸುವಂಥದು. ಒಂದು ರೂಪದ ಕಡತವನ್ನು ಇನ್ನೊಂದು ರೂಪಕ್ಕೆ ತಿರುಗಿಸುವುದೇ ಅದರ ಕೆಲಸ.

ಈ ಟಿಪ್ಪಣಿ ಎತ್ತಿಕೊಳ್ಳುವ ಪ್ರಶ್ನೆ ಇಷ್ಟೇ: ನುಡಿ ಕಡತವೊಂದನ್ನು ಪ್ಯಾಂಡಾಕ್‌ಗೆ ಒಪ್ಪಿಸಿದರೆ ಏನು ಉಳಿಯುತ್ತದೆ, ಏನು ಹೋಗುತ್ತದೆ, ಹೋಗದಂತೆ ನೋಡಿಕೊಳ್ಳುವ ಕ್ರಮ ಯಾವುದು? ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಪ್ಯಾಂಡಾಕ್ ಬರಹದ ರಚನೆಯನ್ನು ಉಳಿಸಿ ಫಾಂಟನ್ನು ಕೈಬಿಡುತ್ತದೆ. ಯುನಿಕೋಡ್ ಕಡತಕ್ಕೆ ಇದರಿಂದ ಯಾವ ನಷ್ಟವೂ ಇಲ್ಲ. ನುಡಿ ಕಡತದಲ್ಲಾದರೋ ಒಂದು ಸಂಕೇತ ಕನ್ನಡವೋ ಇಂಗ್ಲಿಷೋ ಎಂದು ಹೇಳುವುದು ಫಾಂಟ್ ಒಂದೇ. ಹಾಗಾಗಿ ಅಲ್ಲಿ ಫಾಂಟ್ ಹೋದರೆ ಭಾಷೆಯ ಗುರುತೇ ಹೋದಂತೆ. ಅಕ್ಷರದ ವಿಷಯ ಇತ್ಯರ್ಥವಾಗದೆ ರಚನೆಗೆ ಕೈ ಹಾಕಬಾರದು ಎಂಬುದು ಈ ಟಿಪ್ಪಣಿಯ ವಾದ.

ಹಿನ್ನೆಲೆ

ಪ್ಯಾಂಡಾಕ್ ರೂಪಿಸಿದವರು ಜಾನ್ ಮ್ಯಾಕ್‌ಫಾರ್ಲೇನ್. ಅವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರು. 2006ರಲ್ಲಿ ಮೊದಲು ಬಿಡುಗಡೆಯಾದ ಇದು ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಮುಕ್ತ ತಂತ್ರಾಂಶ. ಯಾರು ಬೇಕಾದರೂ ಕಾಸಿಲ್ಲದೆ ಇಳಿಸಿಕೊಂಡು ಬಳಸಬಹುದು. ಅದಕ್ಕೂ ಎರಡು ವರ್ಷ ಮೊದಲು, 2004ರಲ್ಲಿ, ಜಾನ್ ಗ್ರೂಬರ್ ಮಾರ್ಕ್‌ಡೌನ್ ಎಂಬ ಸರಳ ಬರವಣಿಗೆಯ ಪದ್ಧತಿಯನ್ನು ಪ್ರಕಟಿಸಿದ್ದರು. ತಲೆಬರಹಕ್ಕೆ ಒಂದು ಚಿಹ್ನೆ, ಒತ್ತು ಕೊಡುವ ಪದಕ್ಕೆ ನಕ್ಷತ್ರ ಚಿಹ್ನೆ, ಪಟ್ಟಿಗೆ ಅಂಕಿ ಮತ್ತು ಚುಕ್ಕಿ, ಇಷ್ಟರಲ್ಲೇ ಬರಹದ ರಚನೆಯನ್ನು ಸೂಚಿಸುವ ಪದ್ಧತಿ ಇದು. ಪ್ಯಾಂಡಾಕ್ ಇದಕ್ಕೆ ಅಡಿಟಿಪ್ಪಣಿ, ಕೋಷ್ಟಕ, ಆಕರ ಸೂಚನೆ, ಪದ್ಯದ ಸಾಲು ಮೊದಲಾದ ಸೌಲಭ್ಯಗಳನ್ನು ಸೇರಿಸಿತು. ವಿದ್ವತ್ ಬರವಣಿಗೆಗೆ ಬೇಕಾದದ್ದು ಇವೇ.

ಅದರ ಒಳಗಿನ ವ್ಯವಸ್ಥೆ ತಿಳಿಯದೆ ಮುಂದಿನ ಮಾತು ತಿಳಿಯುವುದಿಲ್ಲ. ಹತ್ತು ರೂಪಗಳಿವೆ ಎಂದುಕೊಳ್ಳೋಣ. ಪ್ರತಿಯೊಂದರಿಂದ ಪ್ರತಿಯೊಂದಕ್ಕೆ ನೇರವಾಗಿ ತಿರುಗಿಸಲು ಹೊರಟರೆ 90 ಪರಿವರ್ತಕಗಳು ಬೇಕು. ಪ್ಯಾಂಡಾಕ್ ಹಾಗೆ ಮಾಡುವುದಿಲ್ಲ. ಒಳಬರುವ ಕಡತವನ್ನು ಓದಿ, ಇದು ತಲೆಬರಹ, ಇದು ಪ್ಯಾರಾ, ಇದು ಅಡಿಟಿಪ್ಪಣಿ, ಇದು ಕೋಷ್ಟಕ ಎಂದು ವಿಂಗಡಿಸಿ ಒಂದು ಮಧ್ಯದ ಮಾದರಿಯನ್ನು ಕಟ್ಟಿಕೊಳ್ಳುತ್ತದೆ. ಆಮೇಲೆ ಆ ಮಾದರಿಯಿಂದ ಕೇಳಿದ ರೂಪವನ್ನು ಬರೆಯುತ್ತದೆ. ಹೀಗೆ ಹತ್ತು ಓದುಗ ಭಾಗ, ಹತ್ತು ಬರೆಯುವ ಭಾಗ, ಒಟ್ಟು 20 ಸಾಕು. ಮಧ್ಯದ ಮಾದರಿಯಲ್ಲಿ ಜಾಗವಿರುವುದು ರಚನೆಗೆ ಮಾತ್ರ. ಪುಟದ ಅಂಚು, ಅಕ್ಷರದ ಗಾತ್ರ, ಫಾಂಟಿನ ಹೆಸರು ಅಲ್ಲಿಗೆ ಬರುವುದೇ ಇಲ್ಲ. ಮಾರ್ಕ್‌ಡೌನಿಗಿಂತ ಹೆಚ್ಚು ವಿವರ ಹಿಡಿದಿಡಬಲ್ಲ ರೂಪದಿಂದ ತಿರುಗಿಸುವಾಗ ಒಂದಷ್ಟು ನಷ್ಟ ಸಹಜವೆಂದು ಅದರ ಕೈಪಿಡಿಯೇ ತಿಳಿಸುತ್ತದೆ.

ಇನ್ನು ಕನ್ನಡದ ಕಡೆ. ಯುನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ದೊರೆತಿತ್ತು. ಆದರೆ ಸಾಮಾನ್ಯ ಬಳಕೆಯ ಗಣಕಗಳಲ್ಲಿ ಯುನಿಕೋಡ್ ಕನ್ನಡ ಸರಿಯಾಗಿ ಮೂಡಲು ಮತ್ತೊಂದು ದಶಕ ಹಿಡಿಯಿತು. ತುಂಗಾ ಫಾಂಟ್ ಸಹಿತ ವಿಂಡೋಸ್ ಎಕ್ಸ್‌ಪಿ ಬಂದದ್ದು 2001ರಲ್ಲಿ. ನಡುವಿನ ಕಾಲದಲ್ಲಿ ಕನ್ನಡದ ಕೆಲಸ ನಿಲ್ಲಲಿಲ್ಲ. ಶೇಷಾದ್ರಿವಾಸು ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಡಿ.ಟಿ.ಪಿ. ಕೇಂದ್ರಗಳಲ್ಲಿ ಶ್ರೀಲಿಪಿ ಮತ್ತು ಆಕೃತಿ ಆ ಹೊರೆ ಹೊತ್ತವು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಲಕ್ಷಾಂತರ ಬೆರಳುಗಳಿಗೆ ರೂಢಿಯಾಯಿತು. ಇವು ಅನುಸರಿಸಿದ ಉಪಾಯ ಒಂದೇ: ಇಂಗ್ಲಿಷ್ ಮತ್ತು ಪಶ್ಚಿಮ ಯುರೋಪಿನ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಜಾಗದಲ್ಲಿ ಕನ್ನಡದ ಅಕ್ಷರಭಾಗಗಳ ಚಿತ್ರಗಳನ್ನು ಕೂರಿಸುವುದು. ಕಡತದೊಳಗೆ ಉಳಿಯುವುದು ಇಂಗ್ಲಿಷ್ ಸಂಕೇತ. ಕಣ್ಣಿಗೆ ಕಾಣುವುದು ಕನ್ನಡ. ಇವೆರಡನ್ನು ಬೆಸೆಯುವುದು ಫಾಂಟ್.

‘ಕನ್ನಡ’ ಎಂಬ ಪದವನ್ನೇ ನೋಡಿ. ನುಡಿ ಕಡತದಲ್ಲಿ ಅದು ಏಳು ಸಂಕೇತಗಳ ಸಾಲು: ಇಂಗ್ಲಿಷಿನ ದೊಡ್ಡ ‘ಪಿ’, ತಲೆಯ ಮೇಲೆ ಓರೆ ಗೀಟು ಹೊತ್ತ ದೊಡ್ಡ ‘ಎ’, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಗೀಟಿನ ‘ಎ’, ಜರ್ಮನ್ ಬರವಣಿಗೆಯ ಜೋಡಿ ‘ಎಸ್’, ಸಣ್ಣ ‘ಕ್ಯೂ’, ಕೊನೆಗೆ ಮತ್ತೊಂದು ಗೀಟಿನ ‘ಎ’. ‘ಪಿ’ಯೂ ಗೀಟಿನ ‘ಎ’ಯೂ ಸೇರಿ ಕ, ಪೌಂಡಿನೊಡನೆ ಸೇರಿ ನ, ಜೋಡಿ ‘ಎಸ್’ ಎಂದರೆ ನಕಾರದ ಒತ್ತು, ‘ಕ್ಯೂ’ವಿನೊಡನೆ ಸೇರಿ ಡ. ಯುನಿಕೋಡ್‌ನಲ್ಲಿ ಇದೇ ಪದ ಐದು ಸಂಕೇತ: ಕ, ನ, ವಿರಾಮ, ನ, ಡ. ನುಡಿ ಸಂಕೇತ ಕಾಗದದ ಮೇಲೆ ಕಾಣುವ ಆಕಾರವನ್ನು ಅನುಸರಿಸುತ್ತದೆ. ಯುನಿಕೋಡ್ ಉಚ್ಚಾರಣೆಯ ಕ್ರಮವನ್ನು ಅನುಸರಿಸುತ್ತದೆ.

ಮಾದರಿ ಮತ್ತು ವಿಧಾನ

ಪರೀಕ್ಷೆಗಾಗಿ ಕುಕ್ ಟೌನ್ ಕುರಿತ ಚಿಕ್ಕ ಬರಹವೊಂದನ್ನು ನುಡಿಯಲ್ಲಿ ಬೆರಳಚ್ಚು ಮಾಡಿ ವರ್ಡ್ ಕಡತವಾಗಿ ಉಳಿಸಿದೆ. ಈ ಬಡಾವಣೆಯನ್ನು ಆರಿಸಿದ್ದಕ್ಕೆ ಕಾರಣವಿದೆ. ಬೆಂಗಳೂರು ದಂಡು ಪ್ರದೇಶದ ಪೂರ್ವ ಭಾಗದಲ್ಲಿರುವ ಕುಕ್ ಟೌನ್, ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಿನ ಪುರಸಭೆಯ ಅಧ್ಯಕ್ಷರಾಗಿದ್ದ ಜಿ.ಎಚ್. ಕುಕ್ ಅವರ ಹೆಸರು ಹೊತ್ತಿದೆ. 1898ರ ಪ್ಲೇಗಿನ ನಂತರ ದಂಡಿನಲ್ಲಿ ಬೆಳೆದ ಹೊಸ ಬಡಾವಣೆಗಳ ಸಾಲಿನಲ್ಲಿ ಇದು ಫ್ರೇಜರ್ ಟೌನ್, ರಿಚರ್ಡ್ಸ್ ಟೌನ್‌ಗಳ ನೆರೆಯದು. 1947ರಲ್ಲಿ ದಂಡು ಮೈಸೂರು ಸಂಸ್ಥಾನಕ್ಕೆ ಮರಳಿ, 1949ರಲ್ಲಿ ನಗರದ ಮತ್ತು ದಂಡಿನ ಪುರಸಭೆಗಳು ಕೂಡಿ ಒಂದೇ ಕಾರ್ಪೊರೇಷನ್ ಆಯಿತು. ಇಂಥ ಊರಿನ ಬಗ್ಗೆ ಕನ್ನಡದಲ್ಲಿ ಬರೆದ ಯಾವ ಪುಟದಲ್ಲೂ ಇಂಗ್ಲಿಷ್ ಹೆಸರುಗಳು ಸಾಲು ಸಾಲಾಗಿ ಬರುತ್ತವೆ: ಮಿಲ್ಟನ್ ಸ್ಟ್ರೀಟ್, ವೀಲರ್ ರೋಡ್, ಡೇವಿಸ್ ರೋಡ್. ಬೆರಳಚ್ಚುಗಾರರು ಇವನ್ನು ಎಷ್ಟೋ ಸಲ ಇಂಗ್ಲಿಷ್ ಲಿಪಿಯಲ್ಲೇ ಬಿಡುತ್ತಾರೆ. ಒಂದೇ ವಾಕ್ಯದಲ್ಲಿ ನುಡಿ ಫಾಂಟಿನ ಕನ್ನಡ, ಟೈಮ್ಸ್ ಫಾಂಟಿನ ಇಂಗ್ಲಿಷ್ ಎರಡೂ ಇರುವುದು ದಂಡಿನ ಬರಹಗಳ ಸಾಮಾನ್ಯ ಸ್ಥಿತಿ. ಪ್ಯಾಂಡಾಕ್‌ಗೆ ಹೆಚ್ಚು ಕಷ್ಟ ಕೊಡುವ ಸ್ಥಿತಿಯೂ ಇದೇ.

ಮಾದರಿ ಬರಹದಲ್ಲಿ ತಲೆಬರಹಗಳು, ಅಡಿಟಿಪ್ಪಣಿಗಳು, ರಸ್ತೆಗಳ ಹೆಸರಿನ ಒಂದು ಕೋಷ್ಟಕ, ಅರ್ಕಾವತ್ತಿನ ಪದಗಳು, ಇಂಗ್ಲಿಷ್ ಮೊದಲಕ್ಷರಗಳ ಸಂಕ್ಷೇಪಗಳು ಇವೆ. ಈ ಭಾಗಕ್ಕೆ ಸರ್ವಜ್ಞನಗರವೆಂಬ ಹೆಸರೂ ಇರುವುದರಿಂದ ತ್ರಿಪದಿಯ ಧಾಟಿಯಲ್ಲಿ ನಾನೇ ಕಟ್ಟಿದ ಮೂರು ಸಾಲನ್ನೂ ಸೇರಿಸಿದೆ. ಪದ್ಯದ ಸಾಲುಗಳು ಏನಾಗುತ್ತವೆ ಎಂಬುದು ಕನ್ನಡಕ್ಕೆ ಮುಖ್ಯ ಪ್ರಶ್ನೆ.

ಪ್ಯಾಂಡಾಕ್ ಆಜ್ಞೆಯ ರಚನೆ ಸರಳ. ಮೊದಲು ‘ಪ್ಯಾಂಡಾಕ್’ ಎಂಬ ಹೆಸರು. ಬಳಿಕ ‘-ಎಫ್ ಡಾಕ್ಸ್’, ಅಂದರೆ ಯಾವ ರೂಪದಿಂದ. ಬಳಿಕ ‘-ಟಿ ಮಾರ್ಕ್‌ಡೌನ್’, ಅಂದರೆ ಯಾವ ರೂಪಕ್ಕೆ. ‘-ಓ’ ಎಂಬುದರ ಮುಂದೆ ಹೊಸ ಕಡತದ ಹೆಸರು. ಕೊನೆಗೆ ಮೂಲ ಕಡತದ ಹೆಸರು. ಕೀಲಿಮಣೆಯಲ್ಲಿ ಇವೆಲ್ಲವನ್ನೂ ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಬೇಕು. ಪ್ಯಾಂಡಾಕ್ ಹಳೆಯ ‘ಡಾಕ್’ ಕಡತವನ್ನು ಓದಲಾರದು. ಅಂಥದನ್ನು ಮೊದಲು ಲಿಬ್ರೆಆಫೀಸಿನಲ್ಲಿ ‘ಡಾಕ್ಸ್’ ಮಾಡಿಕೊಳ್ಳಬೇಕು. ಪೇಜ್‌ಮೇಕರ್ ಕಡತವನ್ನಾಗಲಿ ಪಿಡಿಎಫ್ ಕಡತವನ್ನಾಗಲಿ ಅದು ತೆರೆಯುವುದಿಲ್ಲ.

ಕಂಡದ್ದು: ರಚನೆ

ರಚನೆಯ ಮಟ್ಟಿಗೆ ಪ್ಯಾಂಡಾಕ್ ನಂಬಿಕೆಗೆ ಅರ್ಹ. ಅಡಿಟಿಪ್ಪಣಿಗಳು ತಮ್ಮ ತಮ್ಮ ಜಾಗದಲ್ಲೇ ಸಂಖ್ಯೆ ಸಹಿತ ಬರುತ್ತವೆ. ಮೀಡಿಯಾವಿಕಿ ರೂಪ ಕೇಳಿದರೆ ಅವೇ ವಿಕಿಯ ‘ರೆಫ್’ ಗುರುತುಗಳಾಗಿ ಕೂರುತ್ತವೆ. ವಿಕಿಸೋರ್ಸಿನಲ್ಲಿ ದುಡಿಯುವವರಿಗೆ ಇದೊಂದೇ ಬಹಳ ಹೊತ್ತನ್ನು ಉಳಿಸುತ್ತದೆ. ಸರಳ ಕೋಷ್ಟಕ ಕೋಷ್ಟಕವಾಗಿಯೇ ಬರುತ್ತದೆ. ಹಲವು ಕೋಣೆಗಳನ್ನು ಒಂದಾಗಿ ಬೆಸೆದ ಕೋಷ್ಟಕವನ್ನು ಮಾತ್ರ ಕಣ್ಣಿಟ್ಟು ಪರಿಶೀಲಿಸಬೇಕು.

ತಲೆಬರಹ ಉಳಿಯುವುದು ವರ್ಡ್‌ನ ‘ಹೆಡಿಂಗ್’ ಶೈಲಿಯನ್ನು ಬಳಸಿದ್ದರೆ ಮಾತ್ರ. ನಮ್ಮ ಬೆರಳಚ್ಚಿನ ರೂಢಿಯಲ್ಲಿ ತಲೆಬರಹವೆಂದರೆ ಗಾತ್ರ ಹಿಗ್ಗಿಸಿ, ದಪ್ಪ ಮಾಡಿ, ನಡುವಿಗೆ ಸರಿಸಿದ ಸಾಲು. ಪ್ಯಾಂಡಾಕ್ ಅದನ್ನು ದಪ್ಪಕ್ಷರದ ಪ್ಯಾರಾ ಎಂದಷ್ಟೇ ತಿಳಿಯುತ್ತದೆ. ಪರಿಣಾಮವಾಗಿ ಇ-ಪುಸ್ತಕದಲ್ಲಿ ಅಧ್ಯಾಯಗಳ ಪರಿವಿಡಿ ಹುಟ್ಟುವುದಿಲ್ಲ.

ತ್ರಿಪದಿಯ ವಿಷಯದಲ್ಲಿ ಬೆರಳಚ್ಚಿನ ಅಭ್ಯಾಸ ಇನ್ನೂ ಸ್ಪಷ್ಟವಾಗಿ ತೋರುತ್ತದೆ. ಪ್ರತಿ ಸಾಲಿನ ಕೊನೆಗೆ ಎಂಟರ್ ಒತ್ತಿದ್ದರೆ ಮೂರು ಸಾಲು ಮೂರು ಬೇರೆ ಪ್ಯಾರಾಗಳಾಗುತ್ತವೆ. ಶಿಫ್ಟ್ ಹಿಡಿದು ಎಂಟರ್ ಒತ್ತಿದ್ದರೆ ಒಂದೇ ಪ್ಯಾರಾದೊಳಗೆ ಮೂರು ಸಾಲಾಗಿ ನಿಲ್ಲುತ್ತವೆ. ಅದೇ ಪದ್ಯವನ್ನು ಬೇರೆಡೆಯಿಂದ ನಕಲಿಸಿ ಮಾರ್ಕ್‌ಡೌನ್ ಕಡತಕ್ಕೆ ಅಂಟಿಸಿದರೆ ಮೂರೂ ಸಾಲು ಕೂಡಿ ಗದ್ಯವಾಗಿಬಿಡುತ್ತವೆ, ಏಕೆಂದರೆ ಮಾರ್ಕ್‌ಡೌನಿನಲ್ಲಿ ಒಂಟಿ ಸಾಲುಮುರಿತಕ್ಕೆ ಬೆಲೆ ಒಂದು ಖಾಲಿ ಜಾಗದಷ್ಟೇ. ವಚನ, ತ್ರಿಪದಿ, ಕಂದ, ಷಟ್ಪದಿಗಳನ್ನು ಸಂಪಾದಿಸುವವರು ಪ್ಯಾಂಡಾಕ್‌ನ ‘ಸಾಲುಗಟ್ಟು’ ಸೌಲಭ್ಯವನ್ನು ರೂಢಿಸಿಕೊಳ್ಳಬೇಕು. ಪ್ರತಿ ಸಾಲಿನ ಮೊದಲು ಒಂದು ನಿಂತ ಗೆರೆ, ಅದರ ಮುಂದೆ ಒಂದು ಖಾಲಿ ಜಾಗ ಬಿಟ್ಟು ಬರೆದರೆ ಸಾಲುಗಳ ಮುರಿತವೂ ಸಾಲಿನ ಮೊದಲಲ್ಲಿ ಬಿಟ್ಟ ಅಂತರವೂ ಎಲ್ಲ ರೂಪಗಳಲ್ಲೂ ಉಳಿಯುತ್ತವೆ. ಷಟ್ಪದಿಯ ಮೂರನೆಯ, ಆರನೆಯ ಪಾದಗಳನ್ನು ಬೇರೆ ಅಂಚಿನಿಂದ ಮೊದಲು ಮಾಡುವ ಸಂಪಾದಕರಿಗೆ ಇದು ದೊಡ್ಡ ಅನುಕೂಲ.

ಇದೇ ನಿಂತ ಗೆರೆಯನ್ನು ನಮ್ಮಲ್ಲಿ ಪದ್ಯದ ದಂಡವಾಗಿಯೂ ಬಳಸುವ ರೂಢಿಯಿದೆ. ದಂಡಕ್ಕೂ ಜೋಡಿ ದಂಡಕ್ಕೂ ಯುನಿಕೋಡ್‌ನಲ್ಲಿ ಪ್ರತ್ಯೇಕ ಸಂಕೇತಗಳಿವೆ. ಅವು ದೇವನಾಗರಿಯ ಭಾಗದಲ್ಲಿ ಇದ್ದರೂ ಭಾರತದ ಇತರ ಲಿಪಿಗಳೂ ಬಳಸಲೆಂದೇ ಇಟ್ಟವು. ಗೆರೆಗಳನ್ನು ಅವುಗಳಿಗೆ ಬದಲಿಸಿಕೊಂಡರೆ ಪ್ಯಾಂಡಾಕ್‌ಗೆ ಗೊಂದಲವಿಲ್ಲ. ಕನ್ನಡ ಅಂಕಿಗಳ ಪಟ್ಟಿಗೂ ಇಂಥದೇ ಎಚ್ಚರಿಕೆ ಬೇಕು. ಮಾರ್ಕ್‌ಡೌನಿನಲ್ಲಿ ‘1.’ ಎಂದು ಮೊದಲಾದ ಸಾಲು ಪಟ್ಟಿಯ ಅಂಶ, ‘೧.’ ಎಂದು ಮೊದಲಾದದ್ದು ಸಾಮಾನ್ಯ ಪ್ಯಾರಾ. ಕನ್ನಡ ಅಂಕಿಯ ಪಟ್ಟಿಯನ್ನು ಹಾಗೇ ಕೊಟ್ಟರೆ ಅಂಶಗಳೆಲ್ಲ ಒಂದೇ ಪ್ಯಾರಾದಲ್ಲಿ ಸೇರಿಕೊಳ್ಳುತ್ತವೆ.

ಕಂಡದ್ದು: ಅಕ್ಷರ

ಈಗ ಮುಖ್ಯ ವಿಷಯಕ್ಕೆ. ವರ್ಡ್‌ನ ‘ಡಾಕ್ಸ್’ ಕಡತವೆಂದರೆ ಹಲವು ಎಕ್ಸ್‌ಎಂಎಲ್ ಕಡತಗಳನ್ನು ಒತ್ತಿ ಕಟ್ಟಿದ ಜಿಪ್ ಗಂಟು. ಅದರೊಳಗೆ ಪ್ರತಿ ವಾಕ್ಯವೂ ತುಣುಕು ತುಣುಕಾಗಿ ಇರುತ್ತದೆ. ಪ್ರತಿ ತುಣುಕಿಗೂ ಅದರ ಫಾಂಟಿನ ಹೆಸರು ಜೊತೆಗಿರುತ್ತದೆ. ‘ನುಡಿ 01 ಇ’ ಎಂದಿದ್ದರೆ ಆ ತುಣುಕು ಕನ್ನಡ, ‘ಟೈಮ್ಸ್ ನ್ಯೂ ರೋಮನ್’ ಎಂದಿದ್ದರೆ ಇಂಗ್ಲಿಷ್. ಪ್ಯಾಂಡಾಕ್ ತುಣುಕಿನ ಬರಹವನ್ನು ತೆಗೆದುಕೊಂಡು ಫಾಂಟಿನ ಹೆಸರನ್ನು ಬಿಡುತ್ತದೆ. ಹೊರಬರುವ ಮಾರ್ಕ್‌ಡೌನಿನಲ್ಲಿ ಗೀಟಿನ ‘ಎ’, ಪೌಂಡ್ ಚಿಹ್ನೆಗಳ ಸಾಲು ಕಾಣುತ್ತದೆ; ಅದರ ನಡುವೆ ಮಿಲ್ಟನ್ ಸ್ಟ್ರೀಟಿನ ಇಂಗ್ಲಿಷ್ ಅಕ್ಷರಗಳೂ ಇರುತ್ತವೆ. ಎರಡೂ ಒಂದೇ ಬಗೆಯ ಸಂಕೇತಗಳು. ಯಾವುದು ಯಾವ ಭಾಷೆಯೆಂದು ಹೇಳುವ ಸಾಕ್ಷ್ಯ ಕಡತದಲ್ಲಿ ಉಳಿದಿರುವುದಿಲ್ಲ.

ಇಷ್ಟಾದ ಮೇಲೆ ನುಡಿಯಿಂದ ಯುನಿಕೋಡ್‌ಗೆ ತಿರುಗಿಸುವ ಪರಿವರ್ತಕಕ್ಕೆ ಇಡೀ ಕಡತವನ್ನು ಕೊಟ್ಟರೆ ಇಂಗ್ಲಿಷ್ ಹೆಸರುಗಳೂ ಕನ್ನಡವಾಗುತ್ತವೆ. ನುಡಿ ಸಂಕೇತದಲ್ಲಿ ಇಂಗ್ಲಿಷಿನ ದೊಡ್ಡ ‘ಎ’ ಅನುಸ್ವಾರ, ‘ಬಿ’ ವಿಸರ್ಗ. ‘ಸಿ’ಯಿಂದ ಮುಂದಕ್ಕೆ ಅ, ಆ, ಇ, ಈ, ಉ, ಊ ಎಂದು ಸ್ವರಗಳು ಸಾಗುತ್ತವೆ. ಹಾಗಾಗಿ ಪೂರ್ವ ಬೆಂಗಳೂರಿನ ಬರಹಗಳಲ್ಲಿ ಅಡಿಗಡಿಗೆ ಬರುವ ಎಚ್‌ಎಎಲ್ ಎಂಬ ಸಂಕ್ಷೇಪ ‘ಊಂಐ’ ಆಗುತ್ತದೆ, ಬಿಇಎಂಎಲ್ ‘ಃಇಒಐ’ ಆಗುತ್ತದೆ. ಬಿಡಿಎ ‘ಃಆಂ’ ಆಗುತ್ತದೆ. ಮೂಲ ಕಡತ ಕೈಯಲ್ಲಿದ್ದವರು ಇವನ್ನು ತಿದ್ದಿಯಾರು. ಮೂಲವನ್ನು ಅಳಿಸಿದವರಿಗೆ, ಅದರಲ್ಲೂ ವ್ಯಕ್ತಿನಾಮ ಸ್ಥಳನಾಮಗಳ ವಿಷಯದಲ್ಲಿ, ಊಹೆಯೊಂದೇ ದಾರಿ.

ಎರಡನೆಯ ತೊಡಕು ಅಕ್ಷರಭಾಗಗಳ ಜೋಡಣೆಯದು. ನುಡಿ ಸಂಕೇತದಲ್ಲಿ ಮ ಎಂಬುದಕ್ಕೆ ಪ್ರತ್ಯೇಕ ಸಂಕೇತವಿಲ್ಲ. ವ ಬರೆದು ಅದಕ್ಕೆ ಕೊಂಬು ಸೇರಿಸಿದರೆ ಮ ಆಗುತ್ತದೆ, ಏಕೆಂದರೆ ಕಾಗದದ ಮೇಲೆ ಆಕಾರ ಹಾಗೆಯೇ ಕೂಡಿಬರುತ್ತದೆ. ಪರಿವರ್ತಕ ಇವುಗಳನ್ನು ಒಟ್ಟಾಗಿ ಓದಿದರೆ ಮ. ಬಿಡಿಯಾಗಿ ಓದಿದರೆ ವು. ವರ್ಡ್ ಒಂದು ಪದವನ್ನು ನಡುವೆ ಕತ್ತರಿಸಿ ಎರಡು ತುಣುಕು ಮಾಡಿಟ್ಟಿರುವುದು ಅಪರೂಪವಲ್ಲ. ಕಾಗುಣಿತ ಪರೀಕ್ಷಕದ ಗುರುತು, ಹಿಂದೊಮ್ಮೆ ಮಾಡಿದ ತಿದ್ದುಪಡಿ, ಅರ್ಧ ಪದಕ್ಕೆ ಬಿದ್ದ ದಪ್ಪಕ್ಷರ ಇಷ್ಟಕ್ಕೇ ತುಣುಕು ಬೇರೆಯಾಗುತ್ತದೆ. ಆ ಕತ್ತರಿ ಮಕಾರದ ನಡುವೆ ಬಿದ್ದಿದ್ದು, ತುಣುಕುಗಳನ್ನು ಬೇರೆ ಬೇರೆಯಾಗಿ ತಿರುಗಿಸಿದರೆ ‘ಮನೆ’ ‘ವುನೆ’ ಆಗುತ್ತದೆ, ‘ಮತ್ತು’ ‘ವುತ್ತು’ ಆಗುತ್ತದೆ. ಜಾಲದಲ್ಲಿ ಹಳೆಯ ಕನ್ನಡ ಲೇಖನಗಳನ್ನು ಓದಿದವರು ಈ ‘ವುತ್ತು’ವನ್ನು ಖಂಡಿತ ಕಂಡಿರುತ್ತಾರೆ, ಅದರ ಮೂಲ ಇದು.

ಅರ್ಕಾವತ್ತಿಗೂ ಇದೇ ಕಷ್ಟ. ‘ಕರ್ನಾಟಕ’ ಪದದ ಅರ್ಕಾವತ್ತು ನುಡಿ ಕಡತದಲ್ಲಿ ‘ನಾ’ ಆದ ಮೇಲೆ ಬರುತ್ತದೆ, ಕಣ್ಣಿಗೆ ಕಾಣುವ ಕ್ರಮದಲ್ಲಿ. ಯುನಿಕೋಡ್‌ನಲ್ಲಿ ರಕಾರವೂ ವಿರಾಮವೂ ‘ನಾ’ಗಿಂತ ಮೊದಲು ಬರಬೇಕು. ಪರಿವರ್ತಕ ಹಿಂದಕ್ಕೆ ಹೋಗಿ ಇಡೀ ಅಕ್ಷರದ ಮುಂದೆ ಅದನ್ನು ಕೂರಿಸಬೇಕು. ಅರ್ಕಾವತ್ತು ಬೇರೆ ತುಣುಕಿಗೆ ಬಿದ್ದಿದ್ದರೆ ಹಿಂದಕ್ಕೆ ಹೋಗಲು ಅದಕ್ಕೆ ಅಕ್ಷರವೇ ಸಿಗುವುದಿಲ್ಲ.

ಇಂಥ ನಿಯಮಗಳನ್ನೆಲ್ಲ ಕೋಡ್ ರೂಪಕ್ಕೆ ಇಳಿಸಿ ಮುಕ್ತವಾಗಿ ಕೊಟ್ಟವರಲ್ಲಿ ಅರವಿಂದ ವಿ.ಕೆ. ಅವರನ್ನು ನೆನೆಯಬೇಕು. ನುಡಿ ಬಗೆಯ ಸಂಕೇತದಿಂದ ಯುನಿಕೋಡ್‌ಗೆ ತಿರುಗಿಸುವ ಅವರ ಪರಿವರ್ತಕದ ಕೋಡ್ ಎಲ್ಲರಿಗೂ ತೆರೆದಿದೆ. ಗುಬ್ಬಿ, ನವಿಲು ಎಂಬ ಯುನಿಕೋಡ್ ಫಾಂಟುಗಳೂ ಅವರವೇ. ಪಠ್ಯ ಯುನಿಕೋಡ್‌ಗೆ ಬಂದರೆ ಏನು ಸಾಧ್ಯ ಎಂಬುದಕ್ಕೆ ‘ವಚನ ಸಂಚಯ’ ಒಳ್ಳೆಯ ನಿದರ್ಶನ. ಸಾವಿರಾರು ವಚನಗಳಲ್ಲಿ ಒಂದು ಪದ ಎಲ್ಲೆಲ್ಲಿ, ಯಾರ ಯಾರ ವಚನದಲ್ಲಿ ಬಂದಿದೆಯೆಂದು ಕ್ಷಣದಲ್ಲಿ ಹುಡುಕಿಕೊಡುವ ಆ ತಾಣ ನುಡಿ ಸಂಕೇತದ ಮೇಲೆ ನಿಲ್ಲುವಂಥದಲ್ಲ.

ಸೂಚಿಸುವ ಕ್ರಮ

ಮೇಲಿನ ತೊಡಕುಗಳಿಗೆ ಪ್ಯಾಂಡಾಕ್‌ನೊಳಗೇ ಪರಿಹಾರವಿದೆ. ಅದು ಫಾಂಟಿನ ಹೆಸರನ್ನು ಬಿಟ್ಟರೂ, ಕೇಳಿಕೊಂಡರೆ ಶೈಲಿಯ ಹೆಸರನ್ನು ಉಳಿಸಿಕೊಳ್ಳುತ್ತದೆ. ಆದ್ದರಿಂದ ಫಾಂಟ್ ಹೊತ್ತ ಮಾಹಿತಿಯನ್ನು ಮುಂಚೆಯೇ ಶೈಲಿಯ ಹೆಸರಿಗೆ ದಾಟಿಸಬೇಕು.

ಮೊದಲ ಹೆಜ್ಜೆ ವರ್ಡ್ ಅಥವಾ ಲಿಬ್ರೆಆಫೀಸಿನಲ್ಲಿ. ಮೂಲ ಕಡತವನ್ನು ಮುಟ್ಟದೆ ಅದರ ಪ್ರತಿಯೊಂದನ್ನು ತೆರೆಯಿರಿ. ಹುಡುಕುವ ಕಿಟಕಿಯಲ್ಲಿ ಪದದ ಬದಲು ಫಾಂಟನ್ನು ಹುಡುಕಲು ಹೇಳಿ, ನುಡಿ ಫಾಂಟಿನಲ್ಲಿರುವ ಎಲ್ಲ ಭಾಗಕ್ಕೂ ಒಂದು ಹೊಸ ಅಕ್ಷರ ಶೈಲಿಯನ್ನು ಹಾಕಿ. ಹೆಸರು ‘ನುಡಿ’ ಎಂದೇ ಇರಲಿ, ಇಂಗ್ಲಿಷ್ ಲಿಪಿಯಲ್ಲಿ. ಬರಹದ ಬಿಆರ್‌ಎಚ್ ಫಾಂಟುಗಳು ಬಹುಮಟ್ಟಿಗೆ ಇದೇ ಸಂಕೇತವನ್ನು ಅನುಸರಿಸುವುದರಿಂದ ಅವಕ್ಕೂ ಇದೇ ಶೈಲಿ ಸಲ್ಲುತ್ತದೆ. ಶ್ರೀಲಿಪಿ, ಆಕೃತಿಗಳ ಸಂಕೇತ ಬೇರೆ. ಅವಕ್ಕೆ ಬೇರೆ ಹೆಸರಿನ ಶೈಲಿ ಕೊಡಬೇಕು. ಇದೇ ಹೊತ್ತಿನಲ್ಲಿ ತಲೆಬರಹಗಳಿಗೆ ‘ಹೆಡಿಂಗ್’ ಶೈಲಿಯನ್ನೂ ಹಾಕಿಬಿಟ್ಟರೆ ಒಳಿತು.

ಎರಡನೆಯ ಹೆಜ್ಜೆ ಟರ್ಮಿನಲ್ಲಿನಲ್ಲಿ. ‘-ಎಫ್’ ಎಂಬುದರ ಮುಂದೆ ‘ಡಾಕ್ಸ್’ ಎಂದಷ್ಟೇ ಬರೆಯುವ ಬದಲು ‘ಡಾಕ್ಸ್+ಸ್ಟೈಲ್ಸ್’ ಎಂದು ಬರೆದರೆ ಪ್ಯಾಂಡಾಕ್ ಪ್ರತಿ ಶೈಲಿಯ ಹೆಸರನ್ನೂ ಮಧ್ಯದ ಮಾದರಿಯಲ್ಲಿ ಗುರುತಾಗಿ ಇಟ್ಟುಕೊಳ್ಳುತ್ತದೆ. 2017ರ ಎರಡನೆಯ ಆವೃತ್ತಿಯಿಂದ ಪ್ಯಾಂಡಾಕ್‌ನೊಳಗೇ ಲುವಾ ಭಾಷೆಯ ಶೋಧಕಗಳನ್ನು ಓಡಿಸಬಹುದು. ಶೋಧಕವೆಂದರೆ ಮಧ್ಯದ ಮಾದರಿಯನ್ನು ಓದಿ ಬೇಕಾದ ಕಡೆ ಬದಲಿಸುವ ಚಿಕ್ಕ ಪ್ರೋಗ್ರಾಮ್. ‘ನುಡಿ’ ಶೈಲಿಯ ಗುರುತಿರುವ ಭಾಗವನ್ನು ಮಾತ್ರ ಯುನಿಕೋಡ್‌ಗೆ ತಿರುಗಿಸಿ ಉಳಿದದ್ದನ್ನು ಹಾಗೇ ಬಿಡುವ ಶೋಧಕ ಒಂದು ಸಾಕು. ಅದರೊಳಗೆ ಪರಿವರ್ತಕದ ಸಂಕೇತಪಟ್ಟಿಯನ್ನು ಉದ್ದದ ಜೋಡಣೆಯಿಂದ ಗಿಡ್ಡದ ಜೋಡಣೆಗೆ ಎಂಬ ಕ್ರಮದಲ್ಲಿ ಇಡಬೇಕು, ಮಕಾರ ವಕಾರವಾಗದಿರಲು. ಒಂದೇ ಶೈಲಿಯ ಅಕ್ಕಪಕ್ಕದ ತುಣುಕುಗಳನ್ನು ಪ್ಯಾಂಡಾಕ್ ಓದುವಾಗಲೇ ಬೆಸೆಯುವುದರಿಂದ ಕತ್ತರಿ ಬಿದ್ದ ಪದಗಳ ಕಾಟ ಇಲ್ಲಿ ಬಹಳಮಟ್ಟಿಗೆ ತಪ್ಪುತ್ತದೆ. ಈ ದಾರಿಯಲ್ಲಿ ಮಿಲ್ಟನ್ ಸ್ಟ್ರೀಟಿನ ಇಂಗ್ಲಿಷ್ ಇಂಗ್ಲಿಷಾಗಿ, ಸುತ್ತಲಿನ ಕನ್ನಡ ಕನ್ನಡವಾಗಿ ಹೊರಬರುತ್ತದೆ.

ಮೂರನೆಯ ಹೆಜ್ಜೆ ಯುನಿಕೋಡ್‌ನ ಏಕರೂಪತೆ. ‘ಕೊ’ ಎಂಬುದನ್ನು ಒಂದೇ ಸ್ವರಚಿಹ್ನೆಯಿಂದಲೂ ಬರೆಯಬಹುದು, ಎತ್ವವನ್ನೂ ಊತ್ವವನ್ನೂ ಒಂದರ ಮುಂದೊಂದು ಇಟ್ಟೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಸರಳ ಹುಡುಕಾಟಕ್ಕೆ ಬೇರೆ ಬೇರೆ. ಕೀ, ಕೇ, ಕೈ, ಕೋಗಳಿಗೂ ಈ ಎರಡು ಬಗೆ ಇದೆ. ಯುನಿಕೋಡ್ ನಿಗದಿಪಡಿಸಿರುವ ಏಕರೂಪಕ್ಕೆ ಇಡೀ ಪಠ್ಯವನ್ನು ತಂದುಕೊಳ್ಳದಿದ್ದರೆ ಪದಸೂಚಿ ತಪ್ಪುತ್ತದೆ. ಇದನ್ನು ಮಾಡುವಾಗ ಕಣ್ಣಿಗೆ ಕಾಣದ ಜೋಡಕ ಮತ್ತು ಬಿಡಿಸುವ ಸಂಕೇತಗಳನ್ನು ಕಸವೆಂದು ಅಳಿಸಬಾರದು. ‘ಸ್ಟೇಷನ್‌ಗೆ’ ಎಂಬಲ್ಲಿ ನಕಾರಕ್ಕೆ ಗಕಾರ ಒತ್ತಾಗದಂತೆ ತಡೆಯುವುದೂ, ‘ರ‍್ಯಾಂಕ್’ ಎಂಬಲ್ಲಿ ಅರ್ಕಾವತ್ತು ಬಾರದಂತೆ ನೋಡಿಕೊಳ್ಳುವುದೂ ಅವೇ.

ಪರಿಶೀಲನೆ

ಹೊರಬಂದ ಪಠ್ಯವನ್ನು ಹಾಗೇ ನಂಬುವಂತಿಲ್ಲ. ಆದರೆ ಪ್ರತಿ ಪುಟವನ್ನೂ ಓದುವ ಮೊದಲು ಯಂತ್ರದಿಂದಲೇ ಹುಡುಕಿಸಬಹುದಾದ ಗುರುತುಗಳಿವೆ. ಗೀಟಿನ ‘ಎ’ ಅಥವಾ ಪೌಂಡ್ ಚಿಹ್ನೆ ಉಳಿದಿದ್ದರೆ ಆ ಭಾಗ ತಿರುಗಿಲ್ಲವೆಂದರ್ಥ. ಪದದ ಮೊದಲಲ್ಲಿ ಅನುಸ್ವಾರವೋ ವಿಸರ್ಗವೋ ಇದ್ದರೆ ಅಲ್ಲಿ ಇಂಗ್ಲಿಷ್ ಕನ್ನಡವಾಗಿದೆ, ಏಕೆಂದರೆ ಕನ್ನಡದ ಯಾವ ಪದವೂ ಹಾಗೆ ಮೊದಲಾಗುವುದಿಲ್ಲ. ‘ವು’ ಎಂದು ಮೊದಲಾಗುವ ಪದಗಳನ್ನು ಪಟ್ಟಿ ಮಾಡಿದರೆ, ವುಡ್ ಸ್ಟ್ರೀಟ್‌ನಂಥ ದಂಡಿನ ಹೆಸರುಗಳನ್ನು ಬಿಟ್ಟು ಉಳಿದವೆಲ್ಲ ಮಕಾರದ ದೋಷಗಳಾಗಿರುವ ಸಂಭವವೇ ಹೆಚ್ಚು. ಪದದ ಮೊದಲಲ್ಲಿ ಒಂಟಿ ಸ್ವರಚಿಹ್ನೆ ಇದ್ದರೆ ಅಲ್ಲಿ ಕತ್ತರಿ ಬಿದ್ದಿದೆ. ಅಡಿಟಿಪ್ಪಣಿಗಳ ಸಂಖ್ಯೆ ಮೂಲದಲ್ಲೂ ಹೊಸ ಕಡತದಲ್ಲೂ ಒಂದೇ ಇದೆಯೇ ಎಂಬುದನ್ನು ಕೊನೆಗೆ ಎಣಿಸಿ ನೋಡಬೇಕು. ಪ್ಯಾಂಡಾಕ್ ಬರಹವನ್ನು ಹೇಗೆ ಅರ್ಥ ಮಾಡಿಕೊಂಡಿದೆ ಎಂಬ ಸಂಶಯ ಬಂದರೆ ‘-ಟಿ ನೇಟಿವ್’ ಎಂದು ಕೇಳಿದರೆ ಮಧ್ಯದ ಮಾದರಿಯನ್ನೇ ತೋರಿಸುತ್ತದೆ.

ಇಷ್ಟು ಮುಗಿದ ಮೇಲೆ ರೂಪಗಳ ಮಾತು. ಕಡತದ ಮೊದಲಲ್ಲಿ ಭಾಷೆ ಕನ್ನಡವೆಂದು ನಮೂದಿಸಬೇಕು. ವೆಬ್ ಪುಟಕ್ಕೂ ಇ-ಪುಸ್ತಕಕ್ಕೂ ಆ ಮಾಹಿತಿ ಸಾಗಿ, ದೃಷ್ಟಿಯಿಲ್ಲದವರಿಗೆ ಓದಿ ಹೇಳುವ ತಂತ್ರಾಂಶಗಳು ಸರಿಯಾದ ಧ್ವನಿಯನ್ನು ಆರಿಸಿಕೊಳ್ಳಲು ನೆರವಾಗುತ್ತದೆ. ನಡುವೆ ಬರುವ ಇಂಗ್ಲಿಷ್, ತಮಿಳು, ಉರ್ದು ತುಣುಕುಗಳಿಗೆ ಅವುಗಳದೇ ಭಾಷೆಯ ಗುರುತು ಹಾಕಬಹುದು. ಉರ್ದುವಿಗೆ ಬಲದಿಂದ ಎಡಕ್ಕೆ ಎಂಬ ಸೂಚನೆಯನ್ನೂ ಸೇರಿಸಬಹುದು. ದಂಡಿನ ಚರಿತ್ರೆ ಬರೆಯುವವರಿಗೆ ಇದು ನಿತ್ಯದ ಅಗತ್ಯ. ಪಿಡಿಎಫ್ ಬೇಕಾದರೆ ಪ್ಯಾಂಡಾಕ್ ತಾನಾಗಿ ಆರಿಸುವ ಪಿಡಿಎಫ್‌ಲಾಟೆಕ್ ಕನ್ನಡಕ್ಕೆ ಒದಗದು. ಕ್ಸೀಲಾಟೆಕ್ ಆರಿಸಿ, ನೋಟೋ ಸೆರಿಫ್ ಕನ್ನಡದಂಥ ಫಾಂಟ್ ಹೆಸರಿಸಿ, ಫಾಂಟಿನ ಆಯ್ಕೆಗಳಲ್ಲಿ ಲಿಪಿ ಕನ್ನಡವೆಂದು ಸ್ಪಷ್ಟವಾಗಿ ಹೇಳಬೇಕು. ಆ ಕೊನೆಯ ಮಾತು ಬಿಟ್ಟುಹೋದರೆ ಒತ್ತಕ್ಷರಗಳು ಕೂಡದೆ ಬಿಡಿಬಿಡಿಯಾಗಿ ಅಚ್ಚಾಗುತ್ತವೆ.

ಉಪಸಂಹಾರ

ಪ್ಯಾಂಡಾಕ್ ಕನ್ನಡ ವಿದ್ವತ್ ಬರವಣಿಗೆಗೆ ಒಗ್ಗುವ ಉಪಕರಣ. ಅಡಿಟಿಪ್ಪಣಿ, ಪದ್ಯದ ಸಾಲು, ಕೋಷ್ಟಕ, ಹಲವು ಭಾಷೆಯ ತುಣುಕು ಇವೆಲ್ಲವನ್ನೂ ಒಂದೇ ಸರಳ ಕಡತದಲ್ಲಿ ಇಟ್ಟುಕೊಂಡು ಬೇಕಾದ ರೂಪಕ್ಕೆ ತಿರುಗಿಸಿಕೊಳ್ಳುವ ಅನುಕೂಲ ಅದರಿಂದ ದೊರೆಯುತ್ತದೆ. ನುಡಿ ಕಡತಗಳ ವಿಷಯದಲ್ಲಿ ಮಾತ್ರ ಕ್ರಮ ತಪ್ಪಬಾರದು: ಮೊದಲು ಫಾಂಟಿನ ಮಾಹಿತಿಯನ್ನು ಶೈಲಿಗೆ ದಾಟಿಸುವುದು, ಬಳಿಕ ಅಕ್ಷರವನ್ನು ಯುನಿಕೋಡ್‌ಗೆ ತರುವುದು, ಅದಾದ ಮೇಲೆ ರಚನೆ, ಎಲ್ಲಕ್ಕೂ ಕೊನೆಗೆ ರೂಪ.

ಸಂಶೋಧಕರಲ್ಲಿ, ಮಾರ್ಗದರ್ಶಕರಲ್ಲಿ, ಪ್ರಕಾಶಕರಲ್ಲಿ ನನ್ನ ವಿನಂತಿ ಇದು. ಯುನಿಕೋಡ್ ಪ್ರತಿ ಸಿದ್ಧವಾಯಿತೆಂದು ಮೂಲ ನುಡಿ ಕಡತವನ್ನು ಅಳಿಸಬೇಡಿ. ಇಂದು ಕಾಣದ ದೋಷ ನಾಳೆ ಕಂಡಾಗ ತಿದ್ದಲು ಅದೊಂದೇ ಆಧಾರ. ಅದರ ಪಕ್ಕದಲ್ಲಿ ಒಂದು ಚಿಕ್ಕ ಪಠ್ಯ ಕಡತವಿಟ್ಟು, ಬಳಸಿದ ಫಾಂಟ್ ಯಾವುದು, ತಂತ್ರಾಂಶದ ಯಾವ ಆವೃತ್ತಿ, ಯಾವ ಪರಿವರ್ತಕದಿಂದ ಯಾವ ದಿನ ತಿರುಗಿಸಿದ್ದು ಎಂದು ಬರೆದಿಡಿ. ಮುಂದೆ ಈ ಪಠ್ಯವನ್ನು ಸಂಪಾದಿಸುವವರಿಗೆ ಪಾಠನಿರ್ಣಯ ಮಾಡಲು ಈ ನಾಲ್ಕು ಮಾಹಿತಿ ಬೇಕೇ ಬೇಕು.